ಎಲೆ ಕಲಸುವ ಯಂತ್ರಕ್ಕೆ ಮೊಹರು

ನನ್ನ ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಈ ಲೋಕದಲ್ಲಿ ಸರಿಯಾಗಿರುವುದು ಅಂತ ಒಂದಿದ್ದರೆ ಅದು ತಾವು ಮಾತ್ರ, ಮಿಕ್ಕಿದ್ದನ್ನೆಲ್ಲ ವರ್ಷಕ್ಕೊಮ್ಮೆ ಪರೀಕ್ಷಿಸಿ ಮೊಹರು ಹಾಕಬೇಕು ಎನ್ನುವುದು ಅವರ ನಂಬಿಕೆ. ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತಾರೆ. ಹಾಲನ್ನು ಅಳೆಯುತ್ತಾರೆ. ನನ್ನ ತವರಿನವರು ಕೊಟ್ಟ ಗೋಡೆ ಗಡಿಯಾರ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳುತ್ತದೆ ಎಂಬುದನ್ನು ಮದುವೆಯಾದ ಮೊದಲ ವಾರವೇ ಪತ್ತೆ ಹಚ್ಚಿದ ಮಹಾನುಭಾವರು. ಆ ನಾಲ್ಕು ಸೆಕೆಂಡಿನ ಅಪರಾಧವನ್ನು ಇಪ್ಪತ್ತಾರು ವರ್ಷದಿಂದ ನಾನೇ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಇಂಥವರು ಒಂದು ಗುರುವಾರ ಸಂಜೆ ಕಂಕುಳಲ್ಲಿ ಪೆಟ್ಟಿಗೆಯೊಂದನ್ನು ಅವುಚಿಕೊಂಡು ಬಂದರು. ಒಳಗಿದ್ದದ್ದು ಇಸ್ಪೀಟು ಎಲೆ ಕಲಸುವ ಯಂತ್ರ. ಇಟ್ಟಿಗೆಗಿಂತ ತುಸು ದೊಡ್ಡದು, ಕಪ್ಪು ಪ್ಲಾಸ್ಟಿಕ್ಕು, ಎಡಕ್ಕೊಂದು ಬಲಕ್ಕೊಂದು ತಟ್ಟೆ, ಹೊಟ್ಟೆಯೊಳಗೆ ನಾಲ್ಕು ಬ್ಯಾಟರಿ. ಎರಡೂ ತಟ್ಟೆಗೆ ಅರ್ಧರ್ಧ ಎಲೆ ಹಾಕಿ ಗುಂಡಿ ಒತ್ತಿದರೆ ರಬ್ಬರು ಚಕ್ರಗಳು ತಿರುಗಿ, ಎಲೆಗಳನ್ನು ಒಂದೊಂದಾಗಿ ಎಳೆದುಕೊಂಡು, ನಡುವಿನ ಗೂಡಿಗೆ ಬೀಳಿಸುತ್ತದೆ. ಸದ್ದು ಮಾತ್ರ ಹಿಟ್ಟಿನ ಗಿರಣಿಯದ್ದು.

"ಇನ್ಮೇಲೆ ಎಲೆ ಕಲಸೋಕೆ ಯಾರ ಕೈಯೂ ಬೇಡ," ಎಂದರು ಇವರು. "ಯಂತ್ರಕ್ಕೆ ಅಕ್ಕ ಇಲ್ಲ, ತಮ್ಮ ಇಲ್ಲ."

"ಹೆಂಡ್ತೀನೂ ಇಲ್ಲ," ಎಂದೆ.

"ಅದೇ ಮತ್ತೆ!" ಎಂದರು, ನಾನು ಹೊಗಳಿದೆ ಎಂದುಕೊಂಡು.

ಈ ಯಂತ್ರ ಯಾರನ್ನು ಹಿಡಿಯಲು ಬಂದಿದೆ ಎಂಬುದು ನನಗೆ ಆ ಕ್ಷಣವೇ ಗೊತ್ತಾಯಿತು. ಯಾರನ್ನು ಹಿಡಿಯಬೇಕಿತ್ತು ಎಂಬುದೂ ಗೊತ್ತಿತ್ತು. ಅವರಿಬ್ಬರೂ ಒಬ್ಬರೇ ಅಲ್ಲ, ಅದೇ ತೊಂದರೆ.

ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರ ತನಕ ರಮ್ಮಿ. ದುಡ್ಡಿಟ್ಟು ಆಡುವುದಿಲ್ಲ, ಬರೀ ಗೆಲುವಿಗೆ. ನಾಲ್ಕೇ ಜನ. ಇವರು, ಇವರ ಎದುರಿಗೆ ನಾನು, ನನ್ನ ಎಡಕ್ಕೆ ಇವರ ಅಕ್ಕ, ಬಲಕ್ಕೆ ಎದುರುಮನೆಯ ಕನ್ನಡಕದಂಗಡಿಯವರು. ಅಕ್ಕನನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಮದುವೆ ಆದವರಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೈದು ವರ್ಷ ಹಾಸಿಗೆ ಬಟ್ಟೆ ಒಗೆಸಿ, ಎಣಿಸಿ, ವಾರ್ಡುಗಳಿಗೆ ಕಳಿಸಿ, ಅದರಲ್ಲೇ ಒಂಬತ್ತು ವರ್ಷದ ತಮ್ಮನನ್ನು ಸಾಕಿ ಇನ್ಸ್‌ಪೆಕ್ಟರು ಮಾಡಿದವರು. ಈಗ ಎರಡು ಬೀದಿ ಆಚೆ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ ಒಬ್ಬರೇ ಇದ್ದಾರೆ. ವಾರದಲ್ಲಿ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಗೆ ಬರುವುದು ಭಾನುವಾರ ಒಂದೇ ದಿನ. ಕನ್ನಡಕದವರ ವಿಷಯ ಹೇಳುವುದೇನೂ ಇಲ್ಲ. ಬೀದಿಯಲ್ಲಿ ಎಲ್ಲರೂ ಅವರ ಗಿರಾಕಿಗಳೇ ಆದ್ದರಿಂದ ಅವರಿಗೆ ಯಾವ ವಿಷಯದಲ್ಲೂ ಅಭಿಪ್ರಾಯ ಇಟ್ಟುಕೊಳ್ಳುವ ಅನುಕೂಲ ಇಲ್ಲ.

ಕಲಸಿ ಹಂಚುವ ಸರದಿ ನಾಲ್ವರಿಗೂ ಬರಬೇಕು. ಆದರೆ ಇವರು ಕಲಸುವುದಿಲ್ಲ, ಅಧಿಕಾರಿಗಳು ಅಂಥ ಕೆಲಸ ಮಾಡುವುದಿಲ್ಲ. ಕನ್ನಡಕದವರು ತಮ್ಮ ಸರದಿ ಬಂದಾಗ "ನೀವೇ ಕಲಸಿ ಅಮ್ಮಾ, ನಿಮ್ಮ ಕೈ ಚುರುಕು," ಎಂದು ಕಟ್ಟನ್ನು ನನ್ನತ್ತ ತಳ್ಳುತ್ತಾರೆ. ಹೀಗೆ ನಾಲ್ಕರಲ್ಲಿ ಮೂರು ಸಲ ನಾನೇ, ಒಂದು ಸಲ ದೊಡ್ಡಕ್ಕ. ನಾನು ಕಲಸಿದಾಗ ಇವರು ಗೆಲ್ಲುತ್ತಾರೆ. ದೊಡ್ಡಕ್ಕ ಕಲಸಿದಾಗ ಇವರು ಸೋಲುತ್ತಾರೆ. ಇದರಿಂದ ಏನು ತಿಳಿಯಬೇಕು? ಬೇರೆ ಯಾರಾದರೂ ಏನಾದರೂ ತಿಳಿದುಕೊಳ್ಳಲಿ, ತೂಕದ ಇಲಾಖೆ ತಿಳಿದುಕೊಂಡದ್ದು ಇಷ್ಟು: ತಮಗೆ ಗೆಲುವು ತರುವ ಕಲಸಾಟ ಶುದ್ಧವಾದದ್ದು, ಸೋಲು ತರುವ ಕಲಸಾಟದಲ್ಲಿ ಮೋಸವಿದೆ.

ಮೋಸ ಇದ್ದದ್ದು ನಿಜ. ಹನ್ನೊಂದು ವರ್ಷದಿಂದ ನಡೆಯುತ್ತಿತ್ತು. ಮಾಡುತ್ತಿದ್ದವಳು ನಾನು.

ನಾನು ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ ಹದಿನೆಂಟು ವರ್ಷ ಫಾರಂ ಜೋಡಿಸಿದವಳು. ಹದಿನಾರು ಪುಟದ ಫಾರಂಗಳನ್ನು ಒಂದರ ಮೇಲೊಂದು ಎತ್ತಿ ಪುಸ್ತಕ ಮಾಡುವಾಗ ಒಂದು ಹಾಳೆ ಹೆಚ್ಚು ಕಡಿಮೆಯಾದರೂ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಅಂಥ ಕೈಗೆ ಇಸ್ಪೀಟು ಎಲೆ ಯಾವ ಲೆಕ್ಕ? ಒಂದು ಆಟ ಮುಗಿದು ಎಲೆ ಬಾಚಿಕೊಳ್ಳುವಾಗ ಗೆದ್ದವರು ಬಿಚ್ಚಿಟ್ಟ ಒಂದೇ ಸಾಲಿನ ಮೂರು ಎಲೆ, ಜೊತೆಗೆ ಎರಡು ಜೋಕರು ಕೈಯಲ್ಲಿ ಉಳಿಸಿಕೊಳ್ಳುತ್ತೇನೆ. ಅವನ್ನು ಕಟ್ಟಿನಲ್ಲಿ ಮೇಲಿನಿಂದ ಎರಡನೆಯದು, ಆರನೆಯದು, ಹತ್ತನೆಯದು, ಹೀಗೆ ಕೂರಿಸಿದರೆ ಎದುರಿಗೆ ಕೂತವರಿಗೆ ಹೋಗಿ ಬೀಳುತ್ತವೆ. ಆಮೇಲೆ ಎಷ್ಟು ಕಲಸಿದರೂ ಮೇಲಿನ ಇಪ್ಪತ್ತು ಎಲೆ ಹೋದ ಹಾಗೆ ಮಾಡಿ ಮೇಲಕ್ಕೇ ಬರುತ್ತವೆ. ಕಟ್ ಮಾಡಬೇಕಾದ, ಎಂದರೆ ಮೇಲಿನ ಅರ್ಧ ಎತ್ತಿ ಕೆಳಗಿಡಬೇಕಾದ ಕನ್ನಡಕದವರು ಯಾವ ಕಡೆಗೂ ಸೇರುವುದು ಬೇಡ ಎಂದು ಕಟ್ಟನ್ನು ಬೆರಳಿನಿಂದ ತಟ್ಟಿ ಬಿಡುತ್ತಾರೆ. ಐದು ಎಲೆ ಸಿದ್ಧವಾಗಿ ಕೈಗೆ ಬಂದರೆ ಮಿಕ್ಕ ಎಂಟನ್ನು ಹೊಂದಿಸಿಕೊಳ್ಳಲು ಎಂಥವರಿಗೂ ಸಾಧ್ಯ. ಇವರಿಗೆ ಅದಕ್ಕೂ ಕೆಲವೊಮ್ಮೆ ಕಷ್ಟವಾಗುತ್ತಿತ್ತು ಎಂಬುದು ಬೇರೆ ಮಾತು.

ಯಾಕೆ ಮಾಡಿದೆ? ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಇವರು ಸತತವಾಗಿ ಐದು ಆಟ ಸೋತರು. ಸೋಮವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಸಾಸಿವೆ ಕಾಳಿನಷ್ಟು ವ್ಯತ್ಯಾಸ ಇದೆಯೆಂದು ಸೊಪ್ಪು ಮಾರುವ ಮುದುಕಿಯ ತಕ್ಕಡಿ ಜಪ್ತಿ ಮಾಡಿದರು. ಮುದುಕಿ ಬಂದು ನಮ್ಮ ಗೇಟಿನ ಮುಂದೆ ಸಂಜೆ ತನಕ ಕೂತಿದ್ದಳು. ಮುಂದಿನ ಭಾನುವಾರ ಮೊದಲ ಸಲ ಕೈ ಚಳಕ ತೋರಿಸಿದೆ. ಇವರು ಗೆದ್ದರು, ಸೋಮವಾರ ಹಸನ್ಮುಖಿಯಾಗಿ ಕೆಲಸಕ್ಕೆ ಹೋದರು, ಮಾರುಕಟ್ಟೆ ನೆಮ್ಮದಿಯಾಗಿತ್ತು. ಅಲ್ಲಿಂದ ಮುಂದೆ ಊರಿನ ಅರ್ಧ ವ್ಯಾಪಾರ ನನ್ನ ಹೆಬ್ಬೆರಳಿನ ದಯೆಯಲ್ಲಿ ನಡೆಯಿತು. ಯಾರೂ ಒಂದು ಥ್ಯಾಂಕ್ಸ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾರಿಗೂ ನಷ್ಟವಿಲ್ಲದ ಒಳ್ಳೆಯ ಕೆಲಸ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗೆದ್ದಾಗಲೆಲ್ಲ ಇವರು ಅಕ್ಕನಿಗೆ ಒಂದು ಮಾತು ಹೇಳುತ್ತಿದ್ದರು. "ನಿಂಗೆ ಅಮ್ಮನ ತಲೆ ಬಂದಿದೆ ಕಣೇ ಅಕ್ಕಾ, ಏನೂ ನೆನಪಿರಲ್ಲ." ಇವರ ತಾಯಿ ಕೊನೆಗಾಲದಲ್ಲಿ ಮಕ್ಕಳ ಮುಖವನ್ನೂ ಮರೆತಿದ್ದರಂತೆ. ತಮಾಷೆಗೆ ಎಷ್ಟು ಒಳ್ಳೆಯ ವಿಷಯ ನೋಡಿ. ದೊಡ್ಡಕ್ಕ ನಕ್ಕು ಎಲೆ ಮಡಚಿ ಇಡುತ್ತಿದ್ದರು. ನಾನೂ ನಗುತ್ತಿದ್ದೆ.

ಇನ್ನು ಯಂತ್ರದ ವಿಷಯ. ಶುಕ್ರವಾರ, ಶನಿವಾರ ಎರಡು ದಿನ ಇವರು ಅದನ್ನು ಪರೀಕ್ಷೆಗೆ ಒಡ್ಡಿದರು. ಎರಡು ಕಟ್ಟುಗಳನ್ನು ಎಕ್ಕದಿಂದ ರಾಜನ ತನಕ ಕ್ರಮವಾಗಿ ಜೋಡಿಸುವುದು, ಗುಂಡಿ ಒತ್ತುವುದು, ಹೊರಬಂದ ಕ್ರಮವನ್ನು ಹಾಳೆಯಲ್ಲಿ ಬರೆಯುವುದು, ಮತ್ತೆ ಜೋಡಿಸುವುದು. ಮನೆಯಲ್ಲಿ ಮಾತಾಡಿದರೆ ಯಂತ್ರಕ್ಕೆ ತೊಂದರೆ ಎನ್ನುವಂತೆ ನನ್ನ ಕಡೆ ಕೈ ಎತ್ತುತ್ತಿದ್ದರು. ನಲವತ್ತು ಸಲ ಆದ ಮೇಲೆ "ನಿಷ್ಪಕ್ಷಪಾತ," ಎಂದು ತೀರ್ಪು ಕೊಟ್ಟರು. ಆಮೇಲೆ ಬ್ಯಾಗಿನಿಂದ ತಂತಿ, ಸೀಸದ ಬಿಲ್ಲೆ, ಇಕ್ಕಳ ತೆಗೆದು, ಮುಚ್ಚಳದ ತಿರುಪಿನ ಮೇಲೆ ತಂತಿ ಬಿಗಿದು ಸಾಕ್ಷಾತ್ ಸರ್ಕಾರಿ ಮೊಹರು ಒತ್ತಿಬಿಟ್ಟರು. ಈಗ ಮನೆಯಲ್ಲಿ ಮೊಹರಿಲ್ಲದೆ ಓಡಾಡುತ್ತಿರುವವಳು ನಾನೊಬ್ಬಳೇ.

ಭಾನುವಾರ ಮೂರಕ್ಕೆ ಸರಿಯಾಗಿ ದೊಡ್ಡಕ್ಕ ಬಂದರು. ಮೇಜಿನ ಮೇಲಿದ್ದ ಯಂತ್ರ ನೋಡಿ "ಇದೇನೋ, ಟೋಪಿ ಹಾಕಿರೋ ರೇಡಿಯೋ?" ಎಂದರು.

"ಎಲೆ ಕಲಸೋದು ಅಕ್ಕಾ. ಕೈಯಲ್ಲಿ ಕಲಸಿದ್ರೆ ಹೆಚ್ಚುಕಮ್ಮಿ ಆಗ್ತದೆ."

"ಯಾರ ಕೈಯಲ್ಲಿ?"

"ಯಾರ ಕೈ ಅಂತಲ್ಲ. ನಿಯಮ ಅಂದ್ರೆ ನಿಯಮ."

ದೊಡ್ಡಕ್ಕನಿಗೆ ಅರ್ಥವಾಯಿತೋ ಇಲ್ಲವೋ, ತಮ್ಮ ಜಾಗದಲ್ಲಿ ಕೂತರು. ಕನ್ನಡಕದವರು ಯಂತ್ರಕ್ಕೂ ಒಂದು ನಮಸ್ಕಾರ ಹಾಕಿದಂತೆ ತಲೆ ಬಾಗಿಸಿ "ಒಳ್ಳೇದು, ಒಳ್ಳೇದು," ಎಂದರು.

ಇವರು ಗುಂಡಿ ಒತ್ತಿದರು. ನಿಷ್ಪಕ್ಷಪಾತ ಗರ್ ಎಂದು ತಿರುಗಿತು. ಮೊದಲ ಆಟ ದೊಡ್ಡಕ್ಕ ಗೆದ್ದರು. ಎರಡನೆಯದೂ. ಮೂರನೆಯದನ್ನು ಕನ್ನಡಕದವರು ಗೆದ್ದು, ಕ್ಷಮಿಸಿ ಎಂದರು. ನಾಲ್ಕನೆಯದು ಮತ್ತೆ ದೊಡ್ಡಕ್ಕ. ಇವರ ಕೈಯಲ್ಲಿ ಪ್ರತಿ ಸಲವೂ ರಾಜ, ರಾಣಿ, ಗುಲಾಮರು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಅಪರಿಚಿತರ ಹಾಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ನಿಂತಿರುತ್ತಿದ್ದರು. ಸಿದ್ಧವಾಗಿ ಬರುವ ಐದು ಎಲೆಗೆ ಒಗ್ಗಿಹೋದ ಮನುಷ್ಯರಿಗೆ ಇಟ್ಟುಕೊಳ್ಳಬೇಕಾದ ಎಲೆ ಯಾವುದು, ಬಿಡಬೇಕಾದ್ದು ಯಾವುದು ಎಂಬುದೇ ಮರೆತುಹೋಗಿತ್ತು. ಅಥವಾ ಎಂದೂ ಗೊತ್ತಿರಲಿಲ್ಲ.

ಎರಡನೆಯ ಭಾನುವಾರವೂ ಅದೇ. ದೊಡ್ಡಕ್ಕನ ಮುಖದಲ್ಲಿ ನಾನು ಎಂದೂ ನೋಡದ ಒಂದು ಕಳೆ ಬಂದಿತ್ತು. ಎಲೆ ಎಸೆಯುವ ಮೊದಲೇ "ನಿಂಗೆ ಕಳಾವರ್ ಒಂಬತ್ತು ಬೇಕಲ್ವೇನೋ? ಕೊಡಲ್ಲ," ಎಂದು ತಮ್ಮನನ್ನು ಕೆಣಕುತ್ತಿದ್ದರು. ಹೋದ ಪ್ರತಿ ಎಲೆ ಅವರ ನೆನಪಿನಲ್ಲಿತ್ತು. ಹೋಗುವಾಗ ಮೆಟ್ಟಿಲನ್ನು ಹುಡುಗಿಯ ಹಾಗೆ ಇಳಿದರು. ಸೋಮವಾರ ಇವರು ಮಾರುಕಟ್ಟೆಯಲ್ಲಿ ಆರು ತಕ್ಕಡಿ ಜಪ್ತಿ ಮಾಡಿದರು.

ಮೂರನೆಯ ಭಾನುವಾರ ದೊಡ್ಡಕ್ಕ ಮೂರನೇ ಸಲ "ಶೋ" ಎಂದು ಎಲೆ ಬಿಚ್ಚಿದಾಗ ಇವರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಹಾಕಿ, ಕಚೇರಿಯ ದನಿ ತೆಗೆದರು.

"ಅಕ್ಕಾ, ನೀನು ಇವತ್ತು ಹತ್ತು ನಿಮಿಷ ಮುಂಚೆ ಬಂದಿದ್ದೆ. ಇವಳು ಅಡುಗೆಮನೇಲಿದ್ಲು. ಯಂತ್ರದ ಹತ್ರ ನೀನೊಬ್ಬಳೇ ಇದ್ದೆ."

"ಇದ್ದೆ. ಅದಕ್ಕೇನೀಗ?"

"ಮೊದ್ಲಿಂದಾನೂ ನೋಡ್ತಿದ್ದೀನಿ. ಇವಳು ಕಲಸಿದ್ರೆ ನಾನು ಗೆಲ್ತೀನಿ, ನೀನು ಕಲಸಿದ್ರೆ ಸೋಲ್ತೀನಿ. ಒಂದು ತಕ್ಕಡೀಲಿ ಇಷ್ಟು ವ್ಯತ್ಯಾಸ ಬಂದ್ರೆ ನಾನು ಏನಂತ ಬರೀತೀನಿ ಗೊತ್ತಾ?"

"ಏನಂತ ಬರೀತೀಯಾ?"

ಕನ್ನಡಕದವರು ಬಿಸ್ಕತ್ತಿನ ತಟ್ಟೆಯಲ್ಲಿ ಏನೋ ಹುಡುಕತೊಡಗಿದರು.

"ಮೋಸ ಅಂತ," ಎಂದರು ಇವರು. "ನಿನ್ನ ತಲೆಗೆ ಇಷ್ಟು ಆಟ ನೆಟ್ಟಗೆ ಗೆಲ್ಲೋಕೆ ಆಗಲ್ಲ ಅಕ್ಕಾ. ನಂಗೊತ್ತಿಲ್ವಾ?"

ದೊಡ್ಡಕ್ಕ ತಮ್ಮ ಎಲೆಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ಬೋರಲು ಇಟ್ಟರು. ಎದ್ದರು. "ಸಾಕಿದ್ದಕ್ಕೆ ಕಳ್ಳಿ ಅನ್ನಿಸಿಕೊಂಡೆ," ಎಂದು ತಮ್ಮನಿಗಲ್ಲ, ಮೇಜಿಗೆ ಹೇಳಿದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಆಗ ನಾನು ಏನು ಮಾಡಿದೆ? ಟೀ ಮಾಡಲು ಎದ್ದೆ. ಒಲೆಯ ಮುಂದೆ ನಿಂತು, ನೀರು ಕುದಿದು ಅರ್ಧವಾಗುವ ತನಕ ಪುಡಿ ಹಾಕಲಿಲ್ಲ. ಒಂದೇ ಒಂದು ಮಾತು ಹೇಳಿದ್ದರೆ ಅವರು ವಾಪಸು ಬರುತ್ತಿದ್ದರು. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಆದರೂ ಟೀಗೆ ಸಕ್ಕರೆ ಸರಿಯಾಗಿ ಹಾಕಿದೆ, ಯಾಕೆಂದರೆ ಅದನ್ನೂ ಅಳೆಯುವವರಿದ್ದಾರೆ.

ಮುಂದಿನ ಎರಡು ಭಾನುವಾರ ದೊಡ್ಡಕ್ಕ ಬರಲಿಲ್ಲ. ಫೋನು ಎತ್ತಲಿಲ್ಲ. ಮೂವರಲ್ಲೇ ಆಡಿದೆವು, ಕನ್ನಡಕದವರು ಗೆದ್ದು ಗೆದ್ದು ಕ್ಷಮೆ ಕೇಳಿ ಸುಸ್ತಾದರು. ಇವರು ಮಾತ್ರ "ತಪ್ಪು ಮಾಡಿದೋರು ತಾವಾಗೇ ದೂರ ಆಗ್ತಾರೆ," ಎಂದು ಗಂಭೀರವಾಗಿ ಓಡಾಡಿದರು. ತಪ್ಪು ಮಾಡಿದವಳು ಅವರಿಗೆ ಬನಿಯನ್ನು ಮಡಚಿ ಕೊಟ್ಟಳು.

ಬುಧವಾರ ನಾನೇ ದೊಡ್ಡಕ್ಕನ ಮನೆಯ ಮೆಟ್ಟಿಲು ಹತ್ತಿದೆ. ಕೆಳಗೆ ಹೊಲಿಗೆ ಯಂತ್ರಗಳು ಟಕಟಕ ಎನ್ನುತ್ತಿದ್ದವು. ಬಾಗಿಲು ಅರ್ಧ ತೆರೆದು "ಅವನು ಕಳಿಸಿದ್ನಾ?" ಎಂದು ಕೇಳಿದರು.

"ಇಲ್ಲ ಅಕ್ಕಾ, ನಾನಾಗೇ ಬಂದೆ."

ಒಳಗೆ ಕೂರಿಸಿದರು. ನಾನು ಆ ಮನೆಗೆ ಹೋಗಿ ನಾಲ್ಕು ವರ್ಷ ಆಗಿತ್ತು, ಯಾವಾಗಲೂ ಅವರೇ ಬರುತ್ತಿದ್ದರಲ್ಲ. ಗೋಡೆಯ ಮೇಲೆ, ಸ್ವಿಚ್ಚಿನ ಪಕ್ಕ, ಬಾಗಿಲ ಹಿಂದೆ, ಒಲೆಯ ಮೇಲೆ ಅಂಗೈಯಗಲದ ಬಿಳಿಚಿದ ಚೌಕಗಳಿದ್ದವು, ಮೂಲೆಗಳಲ್ಲಿ ಅಂಟಿನ ಕಲೆ.

"ಏನಕ್ಕಾ ಇದು?"

"ಚೀಟಿ ಅಂಟಿಸಿದ್ದೆ. ಗ್ಯಾಸ್ ಆರಿಸು, ಬೀಗ ಹಾಕು, ಮಾತ್ರೆ ತಗೋ. ಮೂರು ವರ್ಷ ಇದ್ವು."

"ಗ್ಯಾಸ್ ಆರಿಸೋದು ಮರೀತಿದ್ರಾ?"

"ಒಂದ್ಸಲಾನೂ ಇಲ್ಲ." ದೊಡ್ಡಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಆದ್ರೆ ಅಮ್ಮಂಗೂ ಹಿಂಗೇ ಶುರುವಾಗಿದ್ದು. ತಾನು ಸರಿ ಇದ್ದೀನಿ ಅಂತಾನೇ ಅಂದ್ಕೊಂಡಿದ್ಲು. ನಾನೇ ನೋಡ್ಕೊಂಡಿದ್ದಲ್ವಾ, ಗೊತ್ತು. ಭಾನುವಾರದ ಆಟಾನೇ ನಂಗೆ ಪರೀಕ್ಷೆ. ಹೋದ ಎಲೆ ಎಲ್ಲಾ ನೆನಪಿದೆ ಅಂತ ಆಡ್ತಿದ್ದೆ, ಆದ್ರೂ ಸೋಲ್ತಿದ್ದೆ. ಅಂದ್ರೆ ನೆನಪಿದೆ ಅನ್ಕೊಂಡಿದ್ದೇ ತಪ್ಪು, ತಲೆ ಹೋಗ್ತಿದೆ, ಅಲ್ವಾ? ಅವನೂ ಅದನ್ನೇ ಹೇಳೋನು. ಆ ಮಿಷನ್ ಬಂದ್ಮೇಲೆ ಎರಡು ವಾರ ನಾನು ಗೆದ್ದೆನಲ್ಲ, ಮನೆಗೆ ಬಂದೋಳೇ ಎಲ್ಲಾ ಕಿತ್ತು ಹಾಕ್ದೆ. ಈಗ ಮತ್ತೆ ಅಂಟಿಸಬೇಕೋ ಏನೋ ಅಂತ ಕೂತಿದ್ದೀನಿ. ನಾನೇ ಯಂತ್ರಕ್ಕೆ ಏನಾದ್ರೂ ಮಾಡಿ ಮರೆತುಬಿಟ್ನಾ ಅಂತ."

ಇಷ್ಟು ಹೊತ್ತು ನನ್ನ ನಾಲಿಗೆಯ ತುದಿಯಲ್ಲಿ ಚೆಂದದ ಮಾತುಗಳು ಜೋಡಿಸಿಟ್ಟಿದ್ದವು. ಸೊಪ್ಪಿನ ಮುದುಕಿ, ಮಾರುಕಟ್ಟೆಯ ನೆಮ್ಮದಿ, ಯಾರಿಗೂ ನಷ್ಟವಿಲ್ಲದ ಒಳ್ಳೆಯ ಕೆಲಸ. ಒಂದೂ ಹೊರಗೆ ಬರಲಿಲ್ಲ. ಹನ್ನೊಂದು ವರ್ಷ ಎಲೆ ಜೋಡಿಸುತ್ತಿದ್ದವಳು ನಾನು ಎಂದು ಮಾತ್ರ ಹೇಳಿದೆ, ಹೇಗೆ ಎಂದೂ ಹೇಳಿದೆ.

ದೊಡ್ಡಕ್ಕ ಬಯ್ಯುತ್ತಾರೆ, ಆಮೇಲೆ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ದೊಡ್ಡವರಲ್ಲವೇ ಎಂದು ನಾನು ಅಂದುಕೊಂಡಿದ್ದೆ. ನಮಗೆ ಬೇಕಾದಾಗ ಜನ ಬಹಳ ದೊಡ್ಡವರಾಗಿ ಕಾಣುತ್ತಾರೆ. ಅವರು ಬಯ್ಯಲೂ ಇಲ್ಲ.

"ಪ್ರತಿ ವಾರ ಅವನ ಮುಖ ನೋಡಿ ಮಾಡ್ದೆ," ಎಂದರು. "ಎಡಗಡೆ ನಾನೂ ಕೂತಿದ್ನಲ್ಲ. ನನ್ನ ಮುಖ ಒಂದ್ಸಲ ನೋಡಿದ್ಯಾ?"

ನಾನು ಗೋಡೆಯ ಮೇಲಿನ ಬಿಳಿಚಿದ ಚೌಕಗಳನ್ನು ನೋಡಿದೆ.

"ಭಾನುವಾರ ಬರ್ತೀನಿ. ಅವನ ಎದುರಿಗೆ ಹೇಳು. ಕನ್ನಡಕದೋರೂ ಇರ್ಲಿ, ಅವರೂ ಕೇಳಿಸ್ಕೊಂಡಿದ್ರಲ್ಲ."

ಭಾನುವಾರ ಮೂರು ಗಂಟೆಗೆ ದೊಡ್ಡಕ್ಕ ಬಂದು ತಮ್ಮ ಜಾಗದಲ್ಲಿ ಕೂತರು. ಇವರು ಕ್ಷಮಾಗುಣದ ಮೂರ್ತಿಯಾಗಿ "ಬಂದ್ಯಾ, ಒಳ್ಳೇದಾಯ್ತು. ಹಿಂದಿನದೆಲ್ಲ ಬಿಡು," ಎಂದು ಯಂತ್ರದ ಗುಂಡಿಗೆ ಕೈ ಹಾಕಿದರು.

"ರೀ, ಇವತ್ತು ಯಂತ್ರ ಬೇಡ. ನಾನು ಕಲಸ್ತೀನಿ," ಎಂದೆ.

"ಮೊಹರು ಹಾಕಿರೋ ಯಂತ್ರ ಇರುವಾಗ..."

"ಒಂದೇ ಆಟ."

ಎಲೆಗಳನ್ನು ಮೇಜಿನ ಮೇಲೆ ಹರಡಿ, ಬಾಚಿಕೊಂಡೆ. ಬೆರಳು ತಪ್ಪಲಿಲ್ಲ, ಅಷ್ಟರ ಮಟ್ಟಿಗೆ ಪಳಗಿದ ಕಳ್ಳಿ. ಎಂಟು ಹತ್ತು ಸಲ ಚೆನ್ನಾಗಿ ಸದ್ದು ಬರುವ ಹಾಗೆ ಕಲಸಿದೆ. ಕನ್ನಡಕದವರು ಕಟ್ಟನ್ನು ತಟ್ಟಿದರು. ಹಂಚಿದೆ. ಇವರು ಎಲೆ ಎತ್ತಿಕೊಳ್ಳಲು ಹೋದಾಗ ಕೈ ಅಡ್ಡ ಇಟ್ಟೆ.

"ಹಂಗೇ ಇರಲಿ. ನಿಮಗೆ ಏನು ಬಂದಿದೆ ಅಂತ ಹೇಳ್ತೀನಿ. ಆಟಿನ್ ಐದು, ಆರು, ಏಳು. ಎರಡು ಜೋಕರು. ಮಿಕ್ಕ ಎಂಟು ಗೊತ್ತಿಲ್ಲ."

ಇವರು ನನ್ನನ್ನೇ ನೋಡಿದರು. ಆಮೇಲೆ ಎಲೆಗಳನ್ನು ಒಂದೊಂದಾಗಿ ತಿರುವಿದರು, ಅಂಗಡಿಯಲ್ಲಿ ತೂಕದ ಕಲ್ಲುಗಳನ್ನು ಪರೀಕ್ಷಿಸುವಾಗ ಮಾಡುವಷ್ಟೇ ನಿಧಾನವಾಗಿ. ಐದು. ಜೋಕರು. ಆರು. ಏಳು. ಕೊನೆಯ ಜೋಕರು ಬಿದ್ದಾಗ ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು.

"ಇದು... ಇವತ್ತು ಮಾತ್ರಾನಾ?"

"ಹನ್ನೊಂದು ವರ್ಷದಿಂದ."

"ಹಾಗಾದ್ರೆ ನೀನು ಕಲಸಿದಾಗ ನಾನು ನಿಜವಾಗಿ ಗೆದ್ದಿದ್ದು ಎಷ್ಟು ಸಲ?"

ಉತ್ತರ ಗೊತ್ತಿಲ್ಲದೆ ಅವರು ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಾಪ ಅನ್ನಿಸಿತು. ಅರ್ಧ ಅರ್ಧ ಇರಬಹುದು ಎಂಬ ಸುಳ್ಳು ಬಾಯಿಯ ತನಕ ಬಂದಿತ್ತು. ದೊಡ್ಡಕ್ಕ ತಮ್ಮನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಒಂದ್ಸಲಾನೂ ಇಲ್ಲ," ಎಂದೆ.

ಇವರು ಕುರ್ಚಿಗೆ ಒರಗಿದರು. ಎದುರಿಗೆ ಬಿಚ್ಚಿಟ್ಟ ಹದಿಮೂರು ಎಲೆಗಳ ಅಂಚನ್ನು ಸುಮ್ಮನೆ ಸರಿಮಾಡಿದರು. ಪಕ್ಕಕ್ಕೆ ತಿರುಗಿ "ಅಕ್ಕಾ," ಎಂದರು. ಮುಂದೆ ಏನೂ ಬರಲಿಲ್ಲ. ಇನ್ನೊಮ್ಮೆ "ಅಕ್ಕಾ," ಎಂದರು.

"ಪರವಾಗಿಲ್ಲ ಬಿಡಿ ಸಾರ್, ಮನೆಯೋರಲ್ವಾ..." ಎಂದು ಕನ್ನಡಕದವರು ಶುರುಮಾಡಿದರು.

"ಪರವಾಗಿಲ್ಲ ಅಂತ ನಾನು ಹೇಳಿಲ್ಲ," ಎಂದರು ದೊಡ್ಡಕ್ಕ. ಎಲೆಗಳನ್ನು ಕೆಳಗಿಟ್ಟು ಎರಡೂ ಕೈ ಮೇಜಿನ ಮೇಲೆ ಚಾಚಿ ಕೂತರು. "ಹೇಳೋ. ಪೂರ್ತಿ ಹೇಳು. ನಂಗೇನೂ ಅವಸರ ಇಲ್ಲ, ಆರು ಗಂಟೆ ತನಕ ಇರ್ತೀನಿ."

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಸತ್ಯ ಹೇಳಿ ಆಗಿತ್ತು, ಕೈಚಳಕವನ್ನೂ ತೋರಿಸಿ ಆಗಿತ್ತು, ಇನ್ನು ಇದು ಅಕ್ಕ ತಮ್ಮನ ವಿಷಯ, ನಾನು ಟೀಗೆ ನೀರಿಡಬಹುದು ಎಂದುಕೊಂಡು ಎದ್ದೆ.

ದೊಡ್ಡಕ್ಕ ತಲೆ ಎತ್ತಲಿಲ್ಲ.

"ಎಲ್ಲಿಗೆ?" ಎಂದರು. "ಕೂತ್ಕೋ. ಅವನದ್ದು ಆದ್ಮೇಲೆ ನಿಂದು."